ಹುಬ್ಬಳ್ಳಿ ನಿಲ್ದಾಣದಲ್ಲಿ ಹಿರಿಯರು ರೈಲು ಬದಲಿಸುವಾಗ: ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್‌ನ ಹಿಂದಿನ ಕಾರಣ, ಮುಂದಿನ ಸಿದ್ಧತೆ

ಪ್ರಶ್ನೆ: ನನ್ನ ತಂದೆ ತಾಯಿ ಇಬ್ಬರಿಗೂ ಎಪ್ಪತ್ತು ದಾಟಿದೆ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಹುಬ್ಬಳ್ಳಿಯಲ್ಲಿ ಇಳಿದು, ನಾಲ್ಕೈದು ಗಂಟೆ ಬಿಟ್ಟು ಗದಗ ಕಡೆಯ ರೈಲು ಹಿಡಿಯಬೇಕು. ತಂದೆಗೆ ಮೊಣಕಾಲು ನೋವಿದೆ. ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಅಲ್ಲಿದೆ ಎಂದು ಕೇಳಿ ಹೆದರಿದ್ದಾರೆ. ಅಷ್ಟು ಉದ್ದ ಕಟ್ಟಿದ್ದೇಕೆ? ನಿಲ್ದಾಣ ಎಷ್ಟು ಹಳೆಯದು? ಅವರಿಗೆ ಅಲ್ಲಿ ಏನೇನು ಅನುಕೂಲ ಸಿಗುತ್ತದೆ?

ಉತ್ತರ: ಹೆದರುವ ಅಗತ್ಯವಿಲ್ಲ, ಆದರೆ ಟಿಕೆಟ್ ಮಾಡಿಸುವ ಮೊದಲೇ ಒಂದು ವಿಷಯ ನೋಡಿಕೊಳ್ಳಿ. ಬೆಂಗಳೂರಿನಿಂದ ಗದಗಿಗೆ ನೇರವಾಗಿ ಹೋಗುವ ರೈಲುಗಳೂ ಇವೆ. ಮೈಸೂರಿನಿಂದ ಬೆಂಗಳೂರು, ಗದಗ, ವಿಜಯಪುರದ ಮೇಲೆ ಪಂಢರಪುರಕ್ಕೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಅಂಥದ್ದು. ಹುಬ್ಬಳ್ಳಿಯಲ್ಲಿ ಬೇರೆ ಕೆಲಸವಿಲ್ಲದಿದ್ದರೆ, ಮೊಣಕಾಲು ನೋವಿರುವವರಿಗೆ ರೈಲು ಬದಲಿಸುವ ತಾಪತ್ರಯವೇ ಬೇಡ. ಸಮಯ ಸ್ವಲ್ಪ ಹೊಂದದಿದ್ದರೂ ನೇರ ರೈಲನ್ನೇ ಹಿಡಿಸಿ. ಹುಬ್ಬಳ್ಳಿಯಲ್ಲಿ ಇಳಿಯಲೇಬೇಕು ಎಂದಾದರೆ ಮುಂದಿನದನ್ನು ಓದಿ.

ಮೊದಲು ಉದ್ದದ ಲೆಕ್ಕ. ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಉದ್ಘಾಟಿಸಿದರು; ಖರ್ಚು ಸುಮಾರು 20 ಕೋಟಿ ರೂಪಾಯಿ. ಅಲ್ಲಿಯವರೆಗೆ ಮೊದಲ ಸ್ಥಾನ ಉತ್ತರ ಪ್ರದೇಶದ ಗೋರಖಪುರದ್ದಾಗಿತ್ತು, 1,366 ಮೀಟರ್. ಹುಬ್ಬಳ್ಳಿಯಲ್ಲಿ ಮೊದಲು ಇದ್ದದ್ದು 550 ಮೀಟರ್. ಈ 550 ಎಂಬುದಕ್ಕೂ ಒಂದು ಲೆಕ್ಕವಿದೆ. ಹಳೆಯ ನೀಲಿ ಐಸಿಎಫ್ ಬಗೆಯ ಬೋಗಿ ತುದಿಯಿಂದ ತುದಿಗೆ 22.3 ಮೀಟರ್. ಅಂಥ 24 ಬೋಗಿ ಜೋಡಿಸಿದರೆ 535 ಮೀಟರ್ ಆಗುತ್ತದೆ, ಎಂಜಿನ್ ಇಪ್ಪತ್ತು ಮೀಟರ್ ಕೂಡಿಸಿ. ಈಗಿನ ಎಲ್‌ಎಚ್‌ಬಿ ಬಗೆಯ ಬೋಗಿ 24 ಮೀಟರ್ ಇರುವುದರಿಂದ 22 ಬೋಗಿಗೇ ಹೆಚ್ಚುಕಡಿಮೆ ಅಷ್ಟೇ ಜಾಗ ಬೇಕು. ಅಂದರೆ ಪೂರ್ತಿ ಉದ್ದದ ಒಂದು ರೈಲಿಗೆ ಸುಮಾರು 550 ಮೀಟರ್ ಸಾಕು. ನಿಮ್ಮ ತಂದೆಯವರು ಇಳಿಯುವ ರೈಲೂ ಇಷ್ಟೇ ಉದ್ದ ಇರುತ್ತದೆ. 1,507 ಮೀಟರ್ ಪೂರ್ತಿ ನಡೆಯಬೇಕಾದ ಪ್ರಸಂಗ ಯಾವ ಪ್ರಯಾಣಿಕರಿಗೂ ಬರುವುದಿಲ್ಲ, ತಪ್ಪು ತುದಿಗೆ ಹೋಗಿ ನಿಂತವರ ಹೊರತು.

ಹಾಗಿದ್ದರೆ ಇಷ್ಟು ಉದ್ದ ಏಕೆ? ಹುಬ್ಬಳ್ಳಿಯಲ್ಲಿ ಮೂರು ದಿಕ್ಕಿನ ಹಳಿಗಳು ಸೇರುತ್ತವೆ. ಒಂದು ಧಾರವಾಡ, ಲೋಂಡಾ ಮೇಲೆ ಬೆಳಗಾವಿಗೂ ಗೋವಾಕ್ಕೂ ಹೋಗುವುದು. ಎರಡನೆಯದು ಹಾವೇರಿ, ಹರಿಹರ, ದಾವಣಗೆರೆ, ಅರಸೀಕೆರೆ ಮೇಲೆ ಬೆಂಗಳೂರಿಗೆ. ಮೂರನೆಯದು ಗದಗ, ಹೊಸಪೇಟೆ, ಬಳ್ಳಾರಿ ಕಡೆಗೆ. ಧಾರವಾಡದ ಹಳಿ ನಿಲ್ದಾಣದ ಒಂದು ತುದಿಯಿಂದ ಒಳಬರುತ್ತದೆ. ಬೆಂಗಳೂರು ಮತ್ತು ಗದಗ ಹಳಿಗಳೆರಡೂ ಇನ್ನೊಂದು ತುದಿಯಿಂದ. ಒಂದು ಪ್ಲಾಟ್‌ಫಾರ್ಮಿಗೆ ಒಂದು ರೈಲು ಎಂಬ ಲೆಕ್ಕದಲ್ಲಿ, ಒಂದು ಗಾಡಿ ನೀರು ತುಂಬಿಸಿಕೊಳ್ಳಲು, ಸಿಬ್ಬಂದಿ ಬದಲಾಗಲು ಹತ್ತು ಹದಿನೈದು ನಿಮಿಷ ನಿಂತರೆ ಆ ಹಳಿ ಅಷ್ಟು ಹೊತ್ತು ಕಟ್ಟಿಹಾಕಿದಂತೆ. ಹಿಂದಿನ ಗಾಡಿ ಊರ ಹೊರಗೆ ಸಿಗ್ನಲ್ ಕೆಳಗೆ ಕಾಯಬೇಕು. ಹುಬ್ಬಳ್ಳಿಗೆ ಬಂದೆವು ಎಂದು ಸಾಮಾನು ಇಳಿಸಿ ಬಾಗಿಲಲ್ಲಿ ನಿಂತ ಮೇಲೆ ಅರ್ಧ ಗಂಟೆ ಗಾಡಿ ಕದಲದಿರುವುದಕ್ಕೆ ಮೂಲ ಇದೇ. ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಆದರೆ ಧಾರವಾಡ ತುದಿಯಲ್ಲಿ ಒಂದು, ಗದಗ ತುದಿಯಲ್ಲಿ ಇನ್ನೊಂದು ಪೂರ್ಣ ಉದ್ದದ ರೈಲು ನಿಂತು, ಎರಡೂ ತಮ್ಮ ತಮ್ಮ ದಿಕ್ಕಿಗೆ ಏಕಕಾಲಕ್ಕೆ ಹೊರಡಬಹುದು. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಎರಡು ರೈಲು ನಿಂತ ಮೇಲೂ ನಡುವೆ 400 ಮೀಟರ್ ಉಳಿಯುತ್ತದೆ. ದಾಖಲೆಯ ಮಾತು ಫಲಕಕ್ಕೆ ಚೆಂದ. ನಿಜವಾದ ಲಾಭ ಸಿಗ್ನಲ್ ಕೆಳಗೆ ಕಾಯುವ ಗಾಡಿಗಳದ್ದು. ಯಾರ್ಡ್ ಮರುವಿನ್ಯಾಸ ಮತ್ತು ಜೋಡಿ ಹಳಿ ಕೆಲಸದ ಜೊತೆಯಲ್ಲೇ ಇದನ್ನು ಮಾಡಿದ್ದಕ್ಕೆ ಅರ್ಥವಿರುವುದೂ ಅದಕ್ಕೇ.

ಈಗ ನಿಲ್ದಾಣದ ವಯಸ್ಸಿಗೆ ಬರೋಣ. 1876ರಿಂದ 1878ರವರೆಗಿನ ಘೋರ ಬರಗಾಲ ಧಾರವಾಡ, ಬಳ್ಳಾರಿ, ವಿಜಯಪುರ ಸೀಮೆಯನ್ನು ಹಿಂಡಿಹಾಕಿತು. ಬೇರೆ ಕಡೆ ಧಾನ್ಯ ಇದ್ದರೂ ಒಳನಾಡಿಗೆ ತಂದು ಮುಟ್ಟಿಸಲು ಎತ್ತಿನಗಾಡಿ ಬಿಟ್ಟರೆ ದಾರಿಯಿರಲಿಲ್ಲ. ಆ ನಂತರ ಬರ ಪೀಡಿತ ಸೀಮೆಗಳಿಗೆ ರೈಲು ಹಾಕುವುದೇ ರಕ್ಷಣೆಯೆಂದು ಸರ್ಕಾರ ತೀರ್ಮಾನಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು; ಆ ದಶಕದೊಳಗೆ ಹೋಟಗಿ, ಗದಗ, ಹುಬ್ಬಳ್ಳಿ, ಲೋಂಡಾ, ಹರಿಹರಗಳನ್ನು ಕೂಡಿಸುವ ಮೀಟರ್ ಗೇಜ್ ಹಳಿಗಳು ಬಂದವು. ಹಳಿಗಳ ನಡುವಿನ ಅಂತರ 1,000 ಮಿಲಿಮೀಟರ್, ಈಗಿನ ಬ್ರಾಡ್ ಗೇಜಿನದು 1,676.

ಬರವೊಂದೇ ಕಾರಣವಲ್ಲ, ಹತ್ತಿಯೂ ಇತ್ತು. ಧಾರವಾಡ ಸೀಮೆಯ ಎರೆಭೂಮಿಯ ಹತ್ತಿ ಅದುವರೆಗೆ ಎತ್ತಿನಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು, ಕುಮಟಾದಲ್ಲಿ ಒಂದು ಗಿಡ ಬೆಳೆಯದಿದ್ದರೂ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಪೋರ್ಚುಗೀಸರ ಮರ್ಮಗೋವಾ ಬಂದರಿಗೆ ಹಳಿ ಕೂಡಿದ ಮೇಲೆ ಕುಮಟಾದ ಆ ವ್ಯಾಪಾರ ಸೊರಗಿತು, ಹುಬ್ಬಳ್ಳಿ ಬೆಳೆಯಿತು. ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಮಾತ್ರ ಧಾರವಾಡದಲ್ಲಿ. ಆ ಭವ್ಯ ಕಲ್ಲಿನ ಕಟ್ಟಡವೇ ಇಂದಿನ ಕರ್ನಾಟಕ ಕಾಲೇಜು. ಹುಬ್ಬಳ್ಳಿಗೆ ಬಂದದ್ದು ಬೋಗಿ ದುರಸ್ತಿಯ ವರ್ಕ್‌ಶಾಪ್, 1885ರಲ್ಲಿ. ಊರಿಗೆ ರೈಲ್ವೆ ಕೆಲಸಗಾರರ ತಲೆಮಾರುಗಳನ್ನು ಕೊಟ್ಟದ್ದು ನಿಲ್ದಾಣಕ್ಕಿಂತ ಹೆಚ್ಚಾಗಿ ಆ ವರ್ಕ್‌ಶಾಪೇ.

1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. 1966ರ ಅಕ್ಟೋಬರ್ 2ರಂದು ಸಿಕಂದರಾಬಾದ್ ಕೇಂದ್ರದ ದಕ್ಷಿಣ ಮಧ್ಯ ರೈಲ್ವೆಗೆ ಹುಬ್ಬಳ್ಳಿ ವಿಭಾಗವನ್ನು ಕೊಟ್ಟರು. ಕನ್ನಡ ನಾಡಿನ ರೈಲಿನ ತೀರ್ಮಾನಗಳು ಮದ್ರಾಸಿನಲ್ಲಿ, ಇಲ್ಲವೇ ಸಿಕಂದರಾಬಾದಿನಲ್ಲಿ ಆಗುತ್ತಿದ್ದ ಕಾಲ ಮುಗಿದದ್ದು 2003ರ ಏಪ್ರಿಲ್ 1ಕ್ಕೆ. ಅಂದು ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳನ್ನು ಕೂಡಿಸಿ, ಹುಬ್ಬಳ್ಳಿಯನ್ನು ಕೇಂದ್ರವಾಗಿಸಿ ನೈಋತ್ಯ ರೈಲ್ವೆ ಆರಂಭವಾಯಿತು. ವಲಯ ಕಚೇರಿ ‘ರೈಲ್ ಸೌಧ’ ಗದಗ ರಸ್ತೆಯಲ್ಲಿದೆ. ಅದಕ್ಕೂ ಮೊದಲೇ, 1990ರ ದಶಕದಲ್ಲಿ ಹುಬ್ಬಳ್ಳಿಯ ಮುಖ್ಯ ಮಾರ್ಗಗಳು ಬ್ರಾಡ್ ಗೇಜ್ ಆಗಿದ್ದವು. 2020ರಲ್ಲಿ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಇದೇ ಹಳಿಯ ಮೇಲೆ ಹೊರಟಿತು. ಅಷ್ಟರೊಳಗೆ ಆ ಮಾರ್ಗಕ್ಕೆಲ್ಲ ವಿದ್ಯುತ್ ತಂತಿ ಬಂದಿತ್ತು.

ಹೆಸರಿನಿಂದಲೇ ಒಂದು ಎಡವಟ್ಟು ಆಗುತ್ತದೆ, ಇದನ್ನು ನಿಮ್ಮ ತಂದೆ ತಾಯಿಗೆ ತಪ್ಪದೆ ತಿಳಿಸಿ. ಟಿಕೆಟ್‌ನಲ್ಲಿ ಮುಖ್ಯ ನಿಲ್ದಾಣ ‘ಎಸ್‌ಎಸ್‌ಎಸ್ ಹುಬ್ಬಳ್ಳಿ’ ಎಂದಿರುತ್ತದೆ, ಸಂಕೇತ ಯುಬಿಎಲ್. ‘ಹುಬ್ಬಳ್ಳಿ ದಕ್ಷಿಣ’ ಎಂಬ ಇನ್ನೊಂದು ಸಣ್ಣ ನಿಲ್ದಾಣ ಬೆಂಗಳೂರು ಮಾರ್ಗದಲ್ಲಿದೆ, ಅದರ ಸಂಕೇತ ಯುಬಿಎಲ್‌ಎಸ್. ಬೆಂಗಳೂರು ಮತ್ತು ಗದಗ ಹಳಿಗಳು ಒಂದೇ ತುದಿಯಿಂದ ಬರುವುದರಿಂದ, ಬೆಂಗಳೂರಿನಿಂದ ಬಂದ ಗಾಡಿ ಗದಗ ಕಡೆ ತಿರುಗಬೇಕಾದರೆ ಮುಖ್ಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಹಿಂದಿನ ತುದಿಗೆ ಕಟ್ಟಬೇಕು. ಆ ಸಮಯ ಉಳಿಸಲು ಬೈಪಾಸ್ ಹಳಿ ಹಾಕಿದ್ದಾರೆ. ಅದರ ಮೇಲೆ ಹೋಗುವ ಗಾಡಿ ಮುಖ್ಯ ನಿಲ್ದಾಣಕ್ಕೆ ಬರುವುದೇ ಇಲ್ಲ, ಹುಬ್ಬಳ್ಳಿ ದಕ್ಷಿಣದಲ್ಲಿ ನಿಲ್ಲುತ್ತದೆ. ನಿದ್ದೆಗಣ್ಣಿನಲ್ಲಿ ‘ಹುಬ್ಬಳ್ಳಿ’ ಎಂಬ ಫಲಕ ನೋಡಿ ಇಳಿದುಬಿಟ್ಟರೆ ಮುಖ್ಯ ನಿಲ್ದಾಣಕ್ಕೆ ಆಟೋ ಹಿಡಿಯಬೇಕಾಗುತ್ತದೆ. ಆದ್ದರಿಂದ ಎರಡೂ ಟಿಕೆಟ್‌ಗಳ ಮೇಲೆ ಊರ ಹೆಸರಿನ ಜೊತೆ ಸಂಕೇತವನ್ನೂ ಓದಿ: ಮೊದಲ ರೈಲು ಇಳಿಯುವುದೂ, ಎರಡನೆಯದು ಹತ್ತುವುದೂ ಯುಬಿಎಲ್ ಆಗಿರಲಿ.

ಇನ್ನು ಪ್ಲಾಟ್‌ಫಾರ್ಮ್ ಮೇಲಿನ ನಡಿಗೆ. ಮೊಣಕಾಲು ನೋವಿರುವ ಹಿರಿಯರು ಸೆಕೆಂಡಿಗೆ 0.8 ಮೀಟರ್ ನಡೆಯುತ್ತಾರೆಂದು ಇಟ್ಟುಕೊಳ್ಳಿ. ಒಂದು ರೈಲಿನ ಉದ್ದ ದಾಟಲು ಹನ್ನೊಂದರಿಂದ ಹನ್ನೆರಡು ನಿಮಿಷ ಬೇಕು, ಉದ್ದದ ಪ್ಲಾಟ್‌ಫಾರ್ಮ್‌ನ ಒಂದು ಕೊನೆಯಿಂದ ಇನ್ನೊಂದಕ್ಕೆ ಮೂವತ್ತೊಂದು ನಿಮಿಷ. ಆರೋಗ್ಯವಂತರಿಗೂ ಇಪ್ಪತ್ತು ನಿಮಿಷ ತಗಲುತ್ತದೆ. ಗಾಡಿ ಬಂದ ಮೇಲೆ ಓಡಿ ಹಿಡಿಯುತ್ತೇವೆ ಎನ್ನುವ ದೂರ ಇದಲ್ಲ. ಆದ್ದರಿಂದ ಪ್ಲಾಟ್‌ಫಾರ್ಮ್ ಸಂಖ್ಯೆ ತಿಳಿದರೆ ಸಾಲದು. ‘ಧಾರವಾಡ ಕಡೆಯ ತುದಿಯೋ, ಗದಗ ಕಡೆಯ ತುದಿಯೋ’ ಎಂದು ವಿಚಾರಣೆ ಕೌಂಟರಿನಲ್ಲೋ ಹಮಾಲರನ್ನೋ ಕೇಳಿ ಖಚಿತ ಮಾಡಿಕೊಳ್ಳಬೇಕು. ಎಂಟು ಬೋಗಿಯ ಗಾಡಿಯಾದರೆ ಇದು ಇನ್ನೂ ಮುಖ್ಯ. ಅದರ ಉದ್ದ ಇನ್ನೂರು ಮೀಟರಿನೊಳಗೇ ಮುಗಿಯುತ್ತದೆ, ಆಚೀಚೆ ಉಳಿದದ್ದೆಲ್ಲ ಖಾಲಿ ಪ್ಲಾಟ್‌ಫಾರ್ಮ್.

ಬೋಗಿಯ ಜಾಗ ಹುಡುಕುವಲ್ಲಿ ಜನ ಹೆಚ್ಚು ತಪ್ಪುವುದು ಎಂಜಿನ್ ದಿಕ್ಕಿನಲ್ಲಿ. ಮೊಬೈಲಿನಲ್ಲಿ ಸಿಗುವ ಬೋಗಿ ಕ್ರಮ ‘ಎಂಜಿನ್‌ನಿಂದ ಮೊದಲ್ಗೊಂಡು’ ಎಂದಿರುತ್ತದೆ. ಬೆಂಗಳೂರು ಕಡೆಯಿಂದ ಬಂದು ಇಲ್ಲಿ ದಿಕ್ಕು ಬದಲಿಸಿ ಗದಗಿಗೆ ಹೋಗುವ ಗಾಡಿಯಾದರೆ, ಬರುವಾಗ ಎಂಜಿನ್ ಧಾರವಾಡ ತುದಿಯಲ್ಲಿ, ಹೊರಡುವಾಗ ಗದಗ ತುದಿಯಲ್ಲಿ. ಬೋಗಿಗಳು ನಿಂತಲ್ಲೇ ನಿಂತಿರುತ್ತವೆ, ಎಣಿಕೆ ಮಾತ್ರ ತಲೆಕೆಳಗಾಗುತ್ತದೆ. ಬೆಂಗಳೂರಿನಲ್ಲಿ ಮೊದಲನೆಯದಾಗಿದ್ದ ಬೋಗಿ ಇಲ್ಲಿಂದ ಮುಂದೆ ಕೊನೆಯದು. ಹೀಗಾಗಿ ಹಿಂದಿನ ಊರಿನ ಕ್ರಮ ನೋಡಿ ನಿಲ್ಲಬೇಡಿ. ಪ್ಲಾಟ್‌ಫಾರ್ಮ್ ಮೇಲೆ ಸಾಲಾಗಿ ತೂಗುಹಾಕಿರುವ ಬೋಗಿ ಸೂಚನಾ ಫಲಕದಲ್ಲಿ ನಿಮ್ಮ ಬೋಗಿಯ ಅಕ್ಷರ ಬರುವುದನ್ನು ನೋಡಿ. ‘ಎಸ್’ ಸ್ಲೀಪರ್, ‘ಬಿ’ ಮೂರನೇ ದರ್ಜೆ ಎಸಿ, ‘ಎಂ’ ಅದರ ಎಕಾನಮಿ ಬಗೆ, ‘ಎ’ ಎರಡನೇ ದರ್ಜೆ ಎಸಿ. ಗಾಡಿ ಬರುವ ಹೊತ್ತಿಗೆ ಫಲಕ ಬದಲಾಗುವುದೂ ಉಂಟು, ಆದ್ದರಿಂದ ಕೊನೆಯ ಹತ್ತು ನಿಮಿಷ ಕಣ್ಣು ಅತ್ತಲೇ ಇರಲಿ. ಆದರೂ ತಪ್ಪಿತು ಎನ್ನಿ: ಹತ್ತಿರ ಸಿಕ್ಕ ಕಾಯ್ದಿರಿಸಿದ ಬೋಗಿಯನ್ನು ಹತ್ತಿಸಿ, ಗಾಡಿ ಹೊರಟ ಮೇಲೆ ಒಳಗಿನಿಂದಲೇ ನಿಧಾನವಾಗಿ ನಡೆದುಹೋಗಲಿ. ಜನರಲ್ ಬೋಗಿ ಹತ್ತಿದರೆ ಈ ಉಪಾಯ ನಡೆಯದು, ಸಾಮಾನ್ಯವಾಗಿ ಅಲ್ಲಿಂದ ಮುಂದಿನ ಬೋಗಿಗೆ ದಾರಿ ಬಿಟ್ಟಿರುವುದಿಲ್ಲ.

ಒಂದು ಪ್ಲಾಟ್‌ಫಾರ್ಮ್‌ನಿಂದ ಇನ್ನೊಂದಕ್ಕೆ ಹೋಗಲು ಪಾದಚಾರಿ ಮೇಲ್ಸೇತುವೆ, ಎಸ್ಕಲೇಟರ್, ಲಿಫ್ಟ್ ಇವೆ. ಮೊಣಕಾಲು ನೋವಿರುವವರಿಗೆ ಎಸ್ಕಲೇಟರಿಗಿಂತ ಲಿಫ್ಟ್ ಒಳ್ಳೆಯದು. ಎಸ್ಕಲೇಟರಿನಲ್ಲಿ ಹತ್ತುವ ಇಳಿಯುವ ಆ ಒಂದು ಹೆಜ್ಜೆಯಲ್ಲೇ ಸಾಮಾನು ಹಿಡಿದ ಹಿರಿಯರು ಮುಗ್ಗರಿಸುವುದು. ನಿಲ್ದಾಣದಲ್ಲಿ ಗಾಲಿಕುರ್ಚಿಗೆ ಬಾಡಿಗೆ ಇಲ್ಲ. ಸ್ಟೇಷನ್ ಮಾಸ್ತರರ ಕಚೇರಿಯಲ್ಲಿ ಕೇಳಬೇಕು. ತಳ್ಳಲು ಹಮಾಲರನ್ನು ಕರೆದರೆ ಅವರ ಕೂಲಿ ನೀವು ಕೊಡಬೇಕು, ದರ ಮೊದಲೇ ಮಾತಾಡಿಕೊಳ್ಳಿ. ರೈಲು ಹುಬ್ಬಳ್ಳಿ ಮುಟ್ಟುವ ಮುನ್ನವೇ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆಯ ದೂರು–ನೆರವಿನ ಆ್ಯಪ್ ‘ರೈಲ್ ಮದದ್’ ಮೂಲಕ ಪಿಎನ್‌ಆರ್, ಬೋಗಿ ಸಂಖ್ಯೆ ಕೊಟ್ಟು ಗಾಲಿಕುರ್ಚಿ ಬೇಕೆಂದು ತಿಳಿಸಿ. ಇಳಿದ ಮೇಲೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಬ್ಯಾಟರಿ ಗಾಡಿ ಕಣ್ಣಿಗೆ ಬಿದ್ದರೆ ಹತ್ತಿಸಿ, ಅದೊಂದನ್ನೇ ನಂಬಿ ಸಮಯ ಲೆಕ್ಕ ಹಾಕಬೇಡಿ.

ಇಳಿಯುವಾಗಿನ ಕೊನೆಯ ಹೆಜ್ಜೆಯೂ ಗಮನಿಸಬೇಕಾದದ್ದೇ. ಎತ್ತರದ ಪ್ಲಾಟ್‌ಫಾರ್ಮ್ ಎಂದರೂ ಅದು ಹಳಿಯಿಂದ 760ರಿಂದ 840 ಮಿಲಿಮೀಟರ್ ಮಾತ್ರ. ಬೋಗಿಯ ನೆಲ ಅದಕ್ಕಿಂತ ಮೇಲಿದೆ, ನಡುವೆ ಮೆಟ್ಟಿಲಿದೆ, ಪಕ್ಕದಲ್ಲಿ ಸಂದಿ ಇದೆ. ಸಾಮಾನು ಮೊದಲು ಇಳಿಸಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಇಳಿಯಲಿ. ಬೆಳಗಿನ ಜಾವ ನಿದ್ದೆಯಲ್ಲಿ ಊರು ದಾಟಿಬಿಡುವ ಭಯವಿದ್ದರೆ 139ರಲ್ಲಿ ‘ಗಮ್ಯ ಎಚ್ಚರಿಕೆ’ ಕರೆ ಕೇಳಬಹುದು. ನಿಲ್ದಾಣ ಹತ್ತಿರವಾದಾಗ ಫೋನ್ ಬರುತ್ತದೆ. ಕೆಳಗಿನ ಬರ್ತ್ ಬೇಕೆಂದರೆ ಟಿಕೆಟ್ ಮಾಡುವಾಗಲೇ ಹಿರಿಯರ ಕೋಟಾ ಆಯ್ಕೆ ಮಾಡಿ: ಗಂಡಸರಿಗೆ 60, ಹೆಂಗಸರಿಗೆ 45 ವರ್ಷ ಮೇಲ್ಪಟ್ಟು. ದರದ ರಿಯಾಯಿತಿ ಮಾತ್ರ 2020ರ ಮಾರ್ಚ್‌ನಿಂದ ನಿಂತಿದೆ.

ನಡುವಿನ ನಾಲ್ಕೈದು ಗಂಟೆಗೆ ನನ್ನ ಸಲಹೆ, ವಿಶ್ರಾಂತಿ ಕೊಠಡಿ. ಜನ ಇದನ್ನು ರಿಟೈರಿಂಗ್ ರೂಮ್ ಎಂದೇ ಕೇಳುತ್ತಾರೆ. ಖಚಿತಗೊಂಡ ಅಥವಾ ಆರ್‌ಎಸಿ (ಬರ್ತ್ ಇನ್ನೂ ಖಚಿತವಾಗದೆ, ಕೂರಲು ಜಾಗ ಸಿಕ್ಕ) ಟಿಕೆಟ್ ಇದ್ದವರು ಪಿಎನ್‌ಆರ್ ಕೊಟ್ಟು ಐಆರ್‌ಸಿಟಿಸಿಯಲ್ಲಿ ಮುಂಗಡ ಕಾಯ್ದಿರಿಸಬಹುದು, ಗರಿಷ್ಠ 48 ಗಂಟೆಯವರೆಗೆ. ಇಲ್ಲಿಯೂ ಒಂದು ತೊಡಕಿದೆ: ಕೊಠಡಿ ಸಿಗುವುದು ಆ ಪಿಎನ್‌ಆರ್‌ನ ಹತ್ತುವ ಅಥವಾ ಇಳಿಯುವ ನಿಲ್ದಾಣದಲ್ಲಿ ಮಾತ್ರ. ಬೆಂಗಳೂರು–ಹುಬ್ಬಳ್ಳಿ ಟಿಕೆಟ್‌ನ ಪಿಎನ್‌ಆರ್ ನಡೆಯುತ್ತದೆ. ಬೆಂಗಳೂರು–ಬೆಳಗಾವಿ ಟಿಕೆಟ್ ಇಟ್ಟುಕೊಂಡು ಹುಬ್ಬಳ್ಳಿಯಲ್ಲಿ ಇಳಿದವರದು ನಡೆಯುವುದಿಲ್ಲ. ಗುರುತಿನ ಚೀಟಿಯ ಅಸಲು ಕೈಯಲ್ಲಿರಲಿ. ಕೊಠಡಿ ಸಿಗದಿದ್ದರೆ ವೇಟಿಂಗ್ ರೂಮ್ ಇದೆ, ಒಳಗೆ ಬಿಡುವುದು ಟಿಕೆಟ್‌ನ ದರ್ಜೆ ನೋಡಿ.

ಸಾಮಾನನ್ನು ಕ್ಲೋಕ್ ರೂಮಿನಲ್ಲಿ ಇಟ್ಟರೆ ಅರ್ಧ ಭಾರ ಇಳಿದಂತೆ. ಅಲ್ಲಿ ವಾಪಸ್ ಕಳುಹಿಸುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಬೀಗವಿಲ್ಲದ ಚೀಲ. ಜಿಪ್ ಎಳೆದಿದ್ದರೆ ಸಾಲದು, ಸಣ್ಣದಾದರೂ ಒಂದು ಬೀಗ ಬೇಕು. ಬಾಯಿ ಕಟ್ಟಿದ ಕೈಚೀಲ, ಹಣ್ಣು ತರಕಾರಿಯ ಬುಟ್ಟಿ ತೆಗೆದುಕೊಳ್ಳುವುದಿಲ್ಲ. ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಬೇಕು, ದರ ಒಂದು ಚೀಲಕ್ಕೆ 24 ಗಂಟೆಯ ಲೆಕ್ಕ, ರಸೀದಿ ಕಳೆದರೆ ಬಿಡಿಸಿಕೊಳ್ಳುವುದು ಕಷ್ಟ. ಎರಡನೇ ರೈಲಿಗೆ ಕನಿಷ್ಠ ಒಂದು ಗಂಟೆ ಮೊದಲೇ ಬಿಡಿಸಿಕೊಳ್ಳಲಿ.

ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಹಣ ಹೋಗಬಾರದೆಂದಿದ್ದರೆ ಎರಡೂ ಪಿಎನ್‌ಆರ್‌ಗಳನ್ನು ಒಂದಕ್ಕೊಂದು ಜೋಡಿಸಿ. 2019ರ ಏಪ್ರಿಲ್‌ನಿಂದ ಈ ಸೌಲಭ್ಯ ಇದೆ. ಎರಡೂ ಟಿಕೆಟ್‌ನಲ್ಲಿ ಪ್ರಯಾಣಿಕರ ಹೆಸರು, ವಿವರ ಒಂದೇ ಇರಬೇಕು. ಆಗ ತಪ್ಪಿದ ರೈಲಿನ ಟಿಕೆಟ್‌ಗೆ ರದ್ದತಿ ಶುಲ್ಕ ಮುರಿಯುವುದಿಲ್ಲ, ಆದರೆ ಮೊದಲ ರೈಲು ನಿಜವಾಗಿ ಬಂದು ತಲುಪಿದ ಮೂರು ಗಂಟೆಯೊಳಗೆ ಅರ್ಜಿ ಹಾಕಬೇಕು. ಗದಗದಂಥ ಹತ್ತಿರದ ಊರಿಗೆ ಕಾಯ್ದಿರಿಸದ ಟಿಕೆಟ್ ತೆಗೆದುಕೊಳ್ಳುವುದಾದರೆ ಮುಂಚಿತವಾಗಿ ಬೆಳಗ್ಗೆಯೇ ತೆಗೆಯಬೇಡಿ. 199 ಕಿಲೋಮೀಟರ್‌ವರೆಗಿನ ಅಂಥ ಟಿಕೆಟ್‌ನಲ್ಲಿ ಮೂರು ಗಂಟೆಯೊಳಗೆ, ಇಲ್ಲವೇ ಆ ದಿಕ್ಕಿನ ಮುಂದಿನ ರೈಲಿಗೆ, ಪ್ರಯಾಣ ಆರಂಭಿಸಬೇಕು. ಇಳಿದ ತಕ್ಷಣ ಟಿಕೆಟ್ ತೆಗೆದು ಐದು ಗಂಟೆ ಕಾದವರು ನಿಯಮದ ಪ್ರಕಾರ ಟಿಕೆಟ್ ಇಲ್ಲದವರಾಗುತ್ತಾರೆ. ಹುಬ್ಬಳ್ಳಿಯ ಬಂಧುಗಳು ಕರೆದೊಯ್ಯಲು ಒಳಬರುವುದಾದರೆ ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ಗಂಟೆಯವರೆಗೆ.

ಊಟ ತಿಂಡಿಗೆ ತೊಂದರೆಯಿಲ್ಲ. ಮುಖ್ಯದ್ವಾರದ ಹೊರಗೆ ಆಟೋ, ನಗರ ಸಾರಿಗೆ ಬಸ್, ಧಾರವಾಡಕ್ಕೆ ಹೋಗುವ ‘ಚಿಗರಿ’ ಬಿಆರ್‌ಟಿಎಸ್ ಬಸ್ ಸಿಗುತ್ತವೆ. ಗದಗ ರಸ್ತೆ ಕಡೆಯಿಂದಲೂ ಪ್ರವೇಶವಿದೆ. ಕೇಶ್ವಾಪುರ ಭಾಗದಿಂದ ಬರುವ ಬಂಧುಗಳು ಊರು ಸುತ್ತಿ ಮುಖ್ಯದ್ವಾರಕ್ಕೆ ಬರುವ ಬದಲು ಆ ಕಡೆಯಿಂದ ಬಂದರೆ ಒಳ್ಳೆಯದು. ಯಾವ ದ್ವಾರ ಎಂಬುದನ್ನು ಫೋನಿನಲ್ಲಿ ಮೊದಲೇ ಮಾತಾಡಿಕೊಳ್ಳಿ, ಇಲ್ಲವಾದರೆ ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ನಿಂತು ಕಾಯುವಂತಾಗುತ್ತದೆ.

ತಾಯಿಯವರಿಗೆ ನಡೆಯುವ ಉತ್ಸಾಹವಿದ್ದರೆ ಅದೇ ಗದಗ ರಸ್ತೆಯಲ್ಲಿ, ರೈಲ್ವೆ ಆಸ್ಪತ್ರೆಯ ಎದುರು ರೈಲು ವಸ್ತುಸಂಗ್ರಹಾಲಯವಿದೆ. 2020ರ ಆಗಸ್ಟ್‌ನಲ್ಲಿ ತೆರೆದದ್ದು, ಉತ್ತರ ಕರ್ನಾಟಕದಲ್ಲಿ ಮೊದಲನೆಯದು. ಮಲಪ್ರಭಾ, ಘಟಪ್ರಭಾ ಎಂದು ಹೆಸರಿಟ್ಟ ಎರಡು ಹಳೆಯ ರೈಲ್ವೆ ಮನೆಗಳಲ್ಲಿ ಹಳೆಯ ಕಾಲದ ಉಪಕರಣಗಳು, ಹೊರಗೆ ಅಂಗಳದಲ್ಲಿ ಬೋಗಿಗಳು ಇವೆ. ತೆರೆಯುವ ಸಮಯವನ್ನು ವಿಚಾರಣೆ ಕೌಂಟರಿನಲ್ಲಿ ಕೇಳಿಕೊಂಡು ಹೋಗಲಿ, ಮತ್ತು ಗದಗ ರೈಲು ಹೊರಡುವ ಒಂದೂವರೆ ಗಂಟೆ ಮೊದಲೇ ನಿಲ್ದಾಣಕ್ಕೆ ಮರಳಲಿ: ಅರ್ಧ ಗಂಟೆ ಕ್ಲೋಕ್ ರೂಮಿಗೆ, ಅರ್ಧ ಗಂಟೆ ಲಿಫ್ಟ್ ಹಿಡಿದು ಪ್ಲಾಟ್‌ಫಾರ್ಮ್ ಸೇರಲು, ಉಳಿದದ್ದು ಕೊನೆ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾದರೆ ಇರಲಿ ಎಂದು.